ಮೀನಿನ ತೊಟ್ಟಿಯ ನೀರು ಹದ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ತೊಟ್ಟಿಯ ನೀರು ತಿಳಿಯಾಗಿದೆ. ಗಾಜಿನ ಮೇಲೆ ಪಾಚಿಯಿಲ್ಲ, ವಾಸನೆಯಿಲ್ಲ, ಗುಳ್ಳೆಗಳು ಚೆನ್ನಾಗಿ ಏಳುತ್ತಿವೆ. ಆದರೂ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. ಮೀನು ಸಾಕುವವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಬೆಳಗ್ಗೆ ಇದನ್ನು ನೋಡಿರುತ್ತಾರೆ. ನೀರಿನಲ್ಲಿ ಏನು ಕೆಟ್ಟಿದೆ ಅನ್ನೋದು ಕಣ್ಣಿಗೆ ಕಾಣುವುದಿಲ್ಲ. ಮೀನಿನ ಕೊಳೆಯಿಂದ ಹುಟ್ಟುವ ವಿಷಗಳಾದ ಅಮೋನಿಯಾಕ್ಕೂ ಬಣ್ಣವಿಲ್ಲ, ನೈಟ್ರೈಟ್‌ಗೂ ಇಲ್ಲ.

ನಾನು ಮೀನು ಸಾಕಲು ಶುರು ಮಾಡಿದ ವರ್ಷ ನನ್ನ ತೊಟ್ಟಿಯ ಪಿಎಚ್ 7.8 ಇತ್ತು. ಪಿಎಚ್ ಅಂದರೆ ನೀರು ಎಷ್ಟು ಹುಳಿ ಎಂಬುದರ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ನಿಯಾನ್ ಟೆಟ್ರಾಗಳಿಗೆ 6.5 ಇರಬೇಕು ಎಂದು ಎಲ್ಲೋ ಓದಿದೆ. ಪಿಎಚ್ ಇಳಿಸುವ ದ್ರಾವಣ ತಂದು ಹಾಕಿದೆ. ಸಂಜೆಗೆ 7 ಆಯಿತು. ಮಾರನೇ ದಿನ ನೋಡಿದರೆ ಮತ್ತೆ 7.7. ಮತ್ತೆ ಹಾಕಿದೆ. ಹತ್ತು ದಿನ ಇದೇ ನಡೆಯಿತು. ಹನ್ನೊಂದನೇ ದಿನ ಪಿಎಚ್ ವಾಪಸ್ ಏರಲೇ ಇಲ್ಲ. ಕಿಟ್‌ನ ಪಟ್ಟಿಯಲ್ಲಿದ್ದ ಕೊನೆಯ ಬಣ್ಣ 6ರದ್ದು, ಅದಕ್ಕೂ ಕೆಳಗೆ ಹೋಗಿತ್ತು. ಹನ್ನೆರಡು ಟೆಟ್ರಾಗಳಲ್ಲಿ ಉಳಿದದ್ದು ಮೂರು. ಅದಕ್ಕೂ ಮುಂಚೆ ಎರಡು ತಿಂಗಳು ಅವು 7.8ರಲ್ಲಿ ಆರಾಮಾಗಿ ಓಡಾಡಿಕೊಂಡಿದ್ದವು. ಅವನ್ನು ಕೊಂದದ್ದು ನಾನು ತಂದ ಏರಿಳಿತ.

ಸಿಹಿನೀರಿನ ಮೀನಿನ ಮೈಯೊಳಗೆ ಇರುವ ಉಪ್ಪಿನಂಶ ಹೊರಗಿನ ನೀರಿಗಿಂತ ಬಹಳ ಜಾಸ್ತಿ. ಹಾಗಾಗಿ ನೀರು ಕಿವಿರು ಮತ್ತು ಚರ್ಮದ ಮೂಲಕ ಸದಾ ಒಳಗೆ ನುಗ್ಗುತ್ತಲೇ ಇರುತ್ತದೆ. ಮೀನು ಅದನ್ನು ತೆಳು ಮೂತ್ರವಾಗಿ ಹೊರಗೆ ಹಾಕುತ್ತಾ, ಬೇಕಾದ ಲವಣಗಳನ್ನು ಕಿವಿರಿನಿಂದ ಎಳೆದುಕೊಳ್ಳುತ್ತಾ ಬದುಕುತ್ತದೆ. ನೀರು ನಿಧಾನವಾಗಿ ಬದಲಾದರೆ ಈ ಲೆಕ್ಕವನ್ನು ಅದು ಸರಿಮಾಡಿಕೊಳ್ಳುತ್ತದೆ. ಒಂದೇ ಗಂಟೆಯಲ್ಲಿ ಬದಲಾದರೆ ಆಗುವುದಿಲ್ಲ. ಪಿಎಚ್ ಒಂದು ಅಂಕಿ ಬದಲಾದರೆ ಆಮ್ಲದ ಪ್ರಮಾಣ ಹತ್ತು ಪಟ್ಟು ಬದಲಾಯಿತು ಎಂದರ್ಥ. 7ರಿಂದ 6 ಅಂದರೆ ಸಣ್ಣ ಜಾರಿಕೆ ಅಲ್ಲವೇ ಅಲ್ಲ.

ಹಾಗಾಗಿ ಪುಸ್ತಕದಲ್ಲಿರುವ ಅಂಕಿಯ ಹಿಂದೆ ಓಡಬೇಡಿ. ನಿಮ್ಮ ನೀರಿನ ಅಂಕಿ ಯಾವುದೋ ಅದು ಅಲುಗದಂತೆ ನೋಡಿಕೊಳ್ಳಿ. ಅದನ್ನು ಮಾಡುವ ಬಗೆ ಹೀಗೆ.

ಹೆಜ್ಜೆ 1: ನಿಮ್ಮ ನೀರು ಎಂಥದ್ದು, ಎಷ್ಟಿದೆ?

ತೊಟ್ಟಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ. ಬಂದದ್ದನ್ನು 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 60, 30, 30ರ ತೊಟ್ಟಿ 54 ಲೀಟರ್. ಮರಳು, ಕಲ್ಲು, ಮೇಲೆ ಖಾಲಿ ಬಿಟ್ಟ ಜಾಗ ಕಳೆದರೆ ನಿಜವಾದ ನೀರು 45ರಿಂದ 48 ಲೀಟರ್ ಇರಬಹುದು. ಮುಂದೆ ಔಷಧಿಯಾಗಲಿ ಉಪ್ಪಾಗಲಿ ಹಾಕುವಾಗ ಈ ಅಂಕಿಯನ್ನೇ ಹಿಡಿಯಿರಿ.

ಇನ್ನು ಪರೀಕ್ಷೆ. ಹನಿ ಹಾಕಿ ಬಣ್ಣ ನೋಡುವ ಕಿಟ್ ಕಾಗದದ ಪಟ್ಟಿಗಿಂತ ನಂಬಿಕೆಗೆ ಯೋಗ್ಯ. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್, ಕೆಎಚ್ ಈ ಐದನ್ನು ನೋಡಬೇಕು. ಕೆಎಚ್ ಅಂದರೆ ನೀರಿನಲ್ಲಿ ಕರಗಿರುವ ಬೈಕಾರ್ಬನೇಟ್ ಮತ್ತು ಕಾರ್ಬನೇಟ್‌ನ ಅಳತೆ. ಒಂದು ಡಿಗ್ರಿ ಕೆಎಚ್ ಎಂದರೆ ಲೀಟರಿಗೆ 17.9 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬನೇಟ್‌ಗೆ ಸಮ. ಜಿಎಚ್ ಬೇರೆ. ಅದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲೆಕ್ಕ, ಅಂದರೆ ನಾವು ಗಡಸು ನೀರು ಎನ್ನುತ್ತೇವಲ್ಲ ಆ ಗಡಸುತನ. ಅದನ್ನು ಆಗಾಗ ನೋಡಿದರೆ ಸಾಕು. ನೈಟ್ರೇಟ್ ಕಿಟ್‌ನ ಎರಡನೇ ಬಾಟಲಿಯನ್ನು ಅರ್ಧ ನಿಮಿಷವಾದರೂ ಜೋರಾಗಿ ಅಲ್ಲಾಡಿಸಿ. ಅದರ ಪುಡಿ ತಳಕ್ಕೆ ಕೂತಿರುತ್ತದೆ. ಅಲ್ಲಾಡಿಸದೆ ಹನಿ ಹಾಕಿದರೆ ಸುಳ್ಳು ಸುಳ್ಳೇ ಕಡಿಮೆ ತೋರಿಸುತ್ತದೆ.

ತೊಟ್ಟಿಯ ನೀರಿನ ಜೊತೆಗೆ ನೀವು ತುಂಬಿಸುವ ನೀರನ್ನೂ ಪರೀಕ್ಷಿಸಿ. ಆದರೆ ನಲ್ಲಿಯಿಂದ ಹಿಡಿದ ತಕ್ಷಣ ಬೇಡ. ನೆಲದಡಿಯಿಂದ ಬಂದ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಕರಗಿರುತ್ತದೆ, ಹಾಗಾಗಿ ಪಿಎಚ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಬಕೆಟ್‌ನಲ್ಲಿ ಹಿಡಿದು, ಏರ್ ಪಂಪಿನ ಕಲ್ಲು ಬಿಟ್ಟು, 24 ಗಂಟೆ ಕಳೆದ ಮೇಲೆ ನೋಡಿ. ಅದು ನಿಮ್ಮ ನೀರಿನ ನಿಜವಾದ ಪಿಎಚ್.

ತೊಟ್ಟಿಯ ಪಿಎಚ್ ಕೂಡ ದಿನದಲ್ಲಿ ಒಂದೇ ಸಮ ಇರುವುದಿಲ್ಲ. ಗಿಡಗಳಿದ್ದರೆ ಬೆಳಕಿನಲ್ಲಿ ಅವು ಕಾರ್ಬನ್ ಡೈಆಕ್ಸೈಡ್ ಹೀರಿ ಸಂಜೆ ಹೊತ್ತಿಗೆ ಪಿಎಚ್ ಏರಿರುತ್ತದೆ. ರಾತ್ರಿ ಎಲ್ಲವೂ ಉಸಿರಾಡಿ ಬೆಳಗಿನ ಜಾವ ಇಳಿದಿರುತ್ತದೆ. ಆದ್ದರಿಂದ ಪರೀಕ್ಷೆಗೆ ಒಂದೇ ಹೊತ್ತು ಗೊತ್ತು ಮಾಡಿಕೊಳ್ಳಿ. ಮೊನ್ನೆ ಬೆಳಗ್ಗೆಯ ಅಂಕಿಯನ್ನು ಇವತ್ತಿನ ಸಂಜೆಯದರ ಜೊತೆ ಹೋಲಿಸಿ ಸುಮ್ನೆ ಗಾಬರಿಯಾಗುವವರು ಬಹಳ.

ಹೆಜ್ಜೆ 2: ನೀರಿಗೆ ತಕ್ಕ ಮೀನು

ಗಪ್ಪಿ, ಮಾಲಿ, ಪ್ಲಾಟಿಗಳಿಗೆ ಗಡಸು ನೀರು ಹಿತ. ಡಿಸ್ಕಸ್, ಕಾರ್ಡಿನಲ್ ಟೆಟ್ರಾಗಳು ಅಮೆಜಾನ್ ಕಡೆಯ ಮೆದು, ಹುಳಿ ನೀರಿನವು. ಆಫ್ರಿಕಾದ ಟಾಂಗನಿಕಾ ಸರೋವರದ ಸಿಕ್ಲಿಡ್‌ಗಳ ಊರಿನ ನೀರು 9ರ ಹತ್ತಿರದ ಪಿಎಚ್‌ನದ್ದು. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮೀನುಗಳು ಬಹಳಷ್ಟಕ್ಕೆ ಒಗ್ಗಿಕೊಳ್ಳುತ್ತವೆ ನಿಜ. ಆದರೂ ಎರಡು ತುದಿಯ ಮೀನುಗಳನ್ನು ಒಟ್ಟಿಗೆ ಬಿಡಬೇಡಿ. ನಿಮ್ಮ ನೀರು ಗಡಸಾಗಿದ್ದರೆ ಗಪ್ಪಿ ಸಾಕಿ, ವರ್ಷಗಟ್ಟಲೆ ನೆಮ್ಮದಿಯಾಗಿ ಇರುತ್ತೀರಿ.

ಹೆಜ್ಜೆ 3: ಮೀನಿಗಿಂತ ಮೊದಲು ಬ್ಯಾಕ್ಟೀರಿಯಾ

ಮೀನು ತಿಂದ ಆಹಾರದ ಸಾರಜನಕವನ್ನು ಹೆಚ್ಚಾಗಿ ಕಿವಿರಿನಿಂದಲೇ ಅಮೋನಿಯಾ ರೂಪದಲ್ಲಿ ಬಿಡುತ್ತದೆ. ಉಳಿದ ತಿಂಡಿ, ಹಿಕ್ಕೆ, ಕೊಳೆತ ಎಲೆ ಎಲ್ಲದರಿಂದಲೂ ಬರುವುದು ಅದೇ. ನದಿಯಲ್ಲಾದರೆ ಅದು ಹರಿದುಹೋಗುತ್ತದೆ. ತೊಟ್ಟಿಯಲ್ಲಿ ಎಲ್ಲಿ ಹೋದೀತು? ಅಲ್ಲಿ ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳೇ ಗತಿ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ಅಷ್ಟೊಂದು ವಿಷವಲ್ಲದ ನೈಟ್ರೇಟ್ ಮಾಡುತ್ತದೆ. ಇದು ಎರಡು ಬೇರೆ ಬೇರೆ ಗುಂಪುಗಳ ಕೆಲಸ ಎಂಬುದು 1890ರ ಸುಮಾರಿಗೆ ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೇ ವಿನೊಗ್ರಾಡ್‌ಸ್ಕಿ ಅವರಿಂದ ಗೊತ್ತಾಯಿತು. ಎರಡೂ ಕೆಲಸವನ್ನು ಒಬ್ಬಂಟಿಯಾಗಿ ಮಾಡುವ ನೈಟ್ರೋಸ್ಪೈರಾ ಬ್ಯಾಕ್ಟೀರಿಯಾ ಇದೆ ಎಂದು ತಿಳಿದದ್ದು 2015ರಲ್ಲಿ. ಅಂಥವು ಸಿಕ್ಕ ಜಾಗಗಳಲ್ಲಿ ಮೀನು ಸಾಕಣೆಯ ಫಿಲ್ಟರ್ ಕೂಡ ಒಂದು. ನನಗೆ ಇದು ಬಹಳ ಇಷ್ಟವಾದ ಸಂಗತಿ. ನಮ್ಮ ಸ್ಪಂಜಿನೊಳಗೆ ಏನೆಲ್ಲ ನಡೆಯುತ್ತಿದೆ, ಅಲ್ವಾ?

ಈ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುತ್ತವೆ. ಹೊಸ ತೊಟ್ಟಿಯಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮೀನು ಬಿಡದೆಯೇ ಇದನ್ನು ಮುಗಿಸಿ. ಫಿಲ್ಟರ್ ಓಡಿಸಿ, ನೀರನ್ನು 25ರಿಂದ 28 ಡಿಗ್ರಿ ಸೆಲ್ಸಿಯಸ್ ಇಡಿ. ಸೋಪು, ಸುವಾಸನೆ ಏನೂ ಬೆರೆಸದ ಅಮೋನಿಯಾ ದ್ರಾವಣವನ್ನು ಲೀಟರಿಗೆ 2 ಮಿಲಿಗ್ರಾಂ ಆಗುವಷ್ಟು ಹಾಕಿ. ಅದು ಸಿಗದಿದ್ದರೆ ದಿನಾ ಒಂದು ಚಿಟಿಕೆ ಮೀನಿನ ತಿಂಡಿ ಹಾಕಿದರೂ ಕೊಳೆತು ಅಮೋನಿಯಾ ಬರುತ್ತದೆ. ಮೊದಲು ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ. ಎಷ್ಟೋ ದಿನ ನೈಟ್ರೈಟ್ ಅಲ್ಲೇ ನಿಂತ ಹಾಗೆ ಕಾಣುತ್ತದೆ, ತಾಳ್ಮೆ ಕೆಡುವುದು ಆಗಲೇ. ಒಂದು ದಿನ ಅದೂ ಇಳಿಯುತ್ತದೆ. ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಹಾಕಿ 24 ಗಂಟೆಯಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟೂ ಸೊನ್ನೆ ಬಂದರೆ ಸಿದ್ಧ. ಕೂಡಿಕೊಂಡ ನೈಟ್ರೇಟ್ ತೆಗೆಯಲು ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ ಮೀನು ತನ್ನಿ. ಮೀನು ಆರೋಗ್ಯವಾಗಿರುವ ಹಳೇ ತೊಟ್ಟಿಯಿಂದ ಒಂದು ಕೊಳಕು ಸ್ಪಂಜ್ ತಂದು ನಿಮ್ಮ ಫಿಲ್ಟರಿನಲ್ಲಿ ಇಟ್ಟರೆ ಈ ಕಾಯುವಿಕೆ ಬಹಳ ಕಡಿಮೆಯಾಗುತ್ತದೆ.

ನೈಟ್ರೈಟನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ಮೀನಿನ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕ ಹೊರುವ ಶಕ್ತಿ ಇಲ್ಲದ ಹಾಗೆ ಮಾಡುತ್ತದೆ. ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ಆಮ್ಲಜನಕ ಎಷ್ಟಿದ್ದರೂ ಮೀನು ಏದುಸಿರು ಬಿಡುತ್ತದೆ. ಮೀನು ಬಿಟ್ಟ ಮೇಲೆ ನೈಟ್ರೈಟ್ ಕಂಡರೆ ನೀರು ಬದಲಿಸುವ ಜೊತೆಗೆ 10 ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಏನೂ ಬೆರೆಸದ ಉಪ್ಪನ್ನು ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ಮತ್ತು ನೈಟ್ರೈಟ್ ಎರಡೂ ಕಿವಿರಿನಲ್ಲಿ ಒಂದೇ ದಾರಿಯಿಂದ ಒಳಗೆ ಹೋಗುತ್ತವೆ. ಕ್ಲೋರೈಡ್ ಜಾಸ್ತಿ ಇದ್ದರೆ ನೈಟ್ರೈಟ್‌ಗೆ ಜಾಗ ಸಿಗುವುದಿಲ್ಲ.

ಹೆಜ್ಜೆ 4: ಕೆಎಚ್ ಮೇಲೆ ಕಣ್ಣಿರಲಿ

ನನ್ನ ಟೆಟ್ರಾಗಳ ಕಥೆಗೆ ಉತ್ತರ ಇಲ್ಲಿದೆ. ನೀರಿಗೆ ಆಮ್ಲ ಬಿದ್ದಾಗ ಬೈಕಾರ್ಬನೇಟ್ ಅದನ್ನು ಹಿಡಿದು ಕಾರ್ಬನ್ ಡೈಆಕ್ಸೈಡ್ ಆಗಿ ಮಾರ್ಪಡುತ್ತದೆ. ಆ ಅನಿಲ ಗಾಳಿಗೆ ಹೋದ ಮೇಲೆ ಪಿಎಚ್ ಬಹುಪಾಲು ಮೊದಲಿನ ಜಾಗಕ್ಕೆ ಮರಳುತ್ತದೆ. ಆದರೆ ಪ್ರತಿ ಸಲವೂ ಒಂದಿಷ್ಟು ಕೆಎಚ್ ಖರ್ಚಾಗಿರುತ್ತದೆ. ನಾನು ಹತ್ತು ದಿನ ಅದನ್ನೇ ಖರ್ಚು ಮಾಡುತ್ತಾ ಬಂದೆ. ಅದು ಮುಗಿದ ದಿನ ತಡೆಯುವುದಕ್ಕೆ ಏನೂ ಇರಲಿಲ್ಲ.

ನೀವು ಯಾವ ಹನಿಯನ್ನೂ ಹಾಕದಿದ್ದರೂ ಈ ಖರ್ಚು ನಡೆಯುತ್ತಲೇ ಇರುತ್ತದೆ. ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಅಮೋನಿಯಾದಲ್ಲಿರುವ 1 ಮಿಲಿಗ್ರಾಂ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬನೇಟ್‌ನಷ್ಟು ಕೆಎಚ್ ಖರ್ಚಾಗುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. 50 ಲೀಟರ್ ನೀರು, ದಿನಕ್ಕೆ ಅರ್ಧ ಗ್ರಾಂ ತಿಂಡಿ, ಅದರಲ್ಲಿ ಶೇ 40 ಪ್ರೊಟೀನ್. ಪ್ರೊಟೀನಿನಲ್ಲಿ ಸುಮಾರು ಶೇ 16 ಸಾರಜನಕ ಇರುತ್ತದೆ, ಅಂದರೆ 32 ಮಿಲಿಗ್ರಾಂ. ಅದರಲ್ಲಿ ಅರ್ಧ ಅಮೋನಿಯಾ ಆಗಿ ನೀರಿಗೆ ಬಂತು ಎಂದುಕೊಳ್ಳಿ. ಆಗ ಎಂಟು ದಿನಕ್ಕೆ ಒಂದು ಡಿಗ್ರಿ ಕೆಎಚ್ ಹೋಗುತ್ತದೆ. ಸುಮಾರು ವಾರಕ್ಕೊಂದು ಡಿಗ್ರಿ ಅನ್ನಿ. ಗಿಡಗಳು ಅಮೋನಿಯಾವನ್ನು ನೇರವಾಗಿ ಹೀರಿಕೊಂಡರೆ ಇದು ಕಡಿಮೆಯಾಗುತ್ತದೆ.

ವಾರಕ್ಕೆ ಕಾಲು ಭಾಗ ನೀರು ಬದಲಿಸುತ್ತೇನಲ್ಲ, ಸಾಕಲ್ವಾ ಎಂದು ನೀವು ಕೇಳಬಹುದು. ವಾರಕ್ಕೆ ಒಂದು ಡಿಗ್ರಿ ಹೋಗುತ್ತಾ, ಕಾಲು ಭಾಗ ಬದಲಾಗುತ್ತಾ ಇದ್ದರೆ, ತೊಟ್ಟಿಯ ಕೆಎಚ್ ಕೊನೆಗೆ ನಿಲ್ಲುವುದು ನಿಮ್ಮ ನಲ್ಲಿ ನೀರಿಗಿಂತ 4 ಡಿಗ್ರಿ ಕೆಳಗೆ. ನಲ್ಲಿಯಲ್ಲಿ 10 ಇದ್ದರೆ ತೊಟ್ಟಿಯಲ್ಲಿ 6, ಚಿಂತೆಯಿಲ್ಲ. ನಲ್ಲಿಯಲ್ಲೇ 4 ಇದ್ದರೆ? ತೊಟ್ಟಿಯಲ್ಲಿ ಸೊನ್ನೆ. ವಾರ ತಪ್ಪದೆ ನೀರು ಬದಲಿಸುವವರ ತೊಟ್ಟಿಯೂ ಕೆಲವು ತಿಂಗಳ ನಂತರ ಕುಸಿಯುವುದು ಹೀಗೆ. ಅವರು ಸೋಮಾರಿಗಳಲ್ಲ, ಯಾರೂ ಅವರಿಗೆ ಕೆಎಚ್ ಅಳೆಯಲು ಹೇಳಿರುವುದಿಲ್ಲ, ಅಷ್ಟೇ.

ಸಾಮಾನ್ಯ ಮೀನುಗಳಿಗೆ ಕೆಎಚ್ 4ಕ್ಕಿಂತ ಕೆಳಗೆ ಬಿಡಬೇಡಿ. ಏರಿಸಲು ಎರಡು ದಾರಿಗಳಿವೆ. ಒಂದು ಅಡುಗೆ ಸೋಡಾ. 50 ಲೀಟರಿಗೆ 1.5 ಗ್ರಾಂ ಹಾಕಿದರೆ ಕೆಎಚ್ ಸುಮಾರು ಒಂದು ಡಿಗ್ರಿ ಏರುತ್ತದೆ. ಬೇರೆ ಪಾತ್ರೆಯಲ್ಲಿ ಕರಗಿಸಿ, ನೀರು ಬದಲಿಸುವ ಬಕೆಟ್‌ಗೆ ಸೇರಿಸಿ. ದಿನಕ್ಕೆ ಒಂದು ಡಿಗ್ರಿಗಿಂತ ಜಾಸ್ತಿ ಏರಿಸಬೇಡಿ. ಇನ್ನೊಂದು ದಾರಿ, ಬಲೆಯ ಚೀಲದಲ್ಲಿ ಒಂದು ಹಿಡಿ ಸುಣ್ಣದ ಕಲ್ಲಿನ ಚೂರನ್ನೋ ಕಪ್ಪೆಚಿಪ್ಪಿನ ಚೂರನ್ನೋ ಫಿಲ್ಟರಿನಲ್ಲಿ ಇಡುವುದು. ನನಗೆ ಇದೇ ಮೆಚ್ಚು. ನೀರು ಹುಳಿಯಾದಷ್ಟೂ ಅದು ಬೇಗ ಕರಗುತ್ತದೆ, ಪಿಎಚ್ ಏರಿದ ಮೇಲೆ ಕರಗುವುದು ತಾನೇ ಕಡಿಮೆಯಾಗುತ್ತದೆ. ನೀವು ಮರೆತರೂ ಅದು ಮರೆಯುವುದಿಲ್ಲ. ಅದರಿಂದ ಜಿಎಚ್ ಕೂಡ ಏರುತ್ತದೆ ಎಂಬುದು ನೆನಪಿರಲಿ. ಮೆದು ನೀರೇ ಬೇಕಾದ ಡಿಸ್ಕಸ್‌ನಂಥ ಮೀನಿಗೆ ಇದು ಬೇಡ. ಅಂಥ ಮೀನು ಸಾಕುವವರು ಆರ್‌ಒ ನೀರು ಬಳಸುತ್ತಾರೆ. ಆ ನೀರಿನಲ್ಲಿ ಲವಣ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಾಗೇ ಸುರಿಯದೆ ಲವಣ ಸೇರಿಸಿ, ಇಲ್ಲವೇ ನಲ್ಲಿ ನೀರಿನ ಜೊತೆ ಪ್ರತಿ ಸಲ ಒಂದೇ ಅಳತೆಯಲ್ಲಿ ಬೆರೆಸಿ ಹಾಕಬೇಕು.

ಹೆಜ್ಜೆ 5: ನೀರು ಬದಲಿಸುವುದು

ವಾರಕ್ಕೆ 25ರಿಂದ 30 ಶೇಕಡಾ ಒಳ್ಳೆಯ ಆರಂಭ. ನಿಮ್ಮ ತೊಟ್ಟಿಗೆ ಎಷ್ಟು ಬೇಕು ಎನ್ನುವುದನ್ನು ನೈಟ್ರೇಟ್ ಹೇಳುತ್ತದೆ. ಅದು ವಾರಕ್ಕೆ ಲೀಟರಿಗೆ 10 ಮಿಲಿಗ್ರಾಂ ಏರುವ ತೊಟ್ಟಿಯಲ್ಲಿ ಕಾಲು ಭಾಗ ಬದಲಿಸುತ್ತಾ ಹೋದರೆ ನೈಟ್ರೇಟ್ 40ರವರೆಗೆ ಏರಿ ನಿಲ್ಲುತ್ತದೆ. ಅರ್ಧ ಬದಲಿಸಿದರೆ 20ಕ್ಕೆ ನಿಲ್ಲುತ್ತದೆ. ನಾನು 20ರ ಆಸುಪಾಸು ಇಟ್ಟುಕೊಳ್ಳುತ್ತೇನೆ. ತಿಂಡಿ ಕಡಿಮೆ ಮಾಡಿದರೂ ಅದೇ ಫಲ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕಿ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಗಾಳಿಯಾಡುವ ಬಕೆಟ್‌ನಲ್ಲಿ ಒಂದು ದಿನ ಇಟ್ಟರೆ ಹೋಗುತ್ತದೆ. ಕ್ಲೋರಿನ್ ಮತ್ತು ಅಮೋನಿಯಾ ಸೇರಿ ಆದ ಕ್ಲೋರಮೀನ್ ಇದ್ದರೆ ಹೋಗುವುದಿಲ್ಲ, ಅದಕ್ಕೆ ವಾಟರ್ ಕಂಡೀಷನರ್, ಅಂದರೆ ನೀರಿನ ಕ್ಲೋರಿನ್ ತೆಗೆಯುವ ದ್ರಾವಣ ಬೇಕೇ ಬೇಕು. ಕ್ಲೋರಿನ್ ತೆಗೆಯುವ ಸೋಡಿಯಂ ಥಯೋಸಲ್ಫೇಟ್ ಒಂದನ್ನೇ ಹಾಕಿದರೆ ಕ್ಲೋರಮೀನ್‌ನ ಕ್ಲೋರಿನ್ ಭಾಗ ಹೋಗಿ ಅಮೋನಿಯಾ ಉಳಿಯುತ್ತದೆ. ಅಮೋನಿಯಾವನ್ನೂ ಕಟ್ಟಿಹಾಕುವ ಕಂಡೀಷನರ್ ಆರಿಸಿ. ಹೊಸ ನೀರಿನ ಬಿಸಿ ತೊಟ್ಟಿಯದಕ್ಕಿಂತ ಒಂದೆರಡು ಡಿಗ್ರಿಗಿಂತ ಆಚೀಚೆ ಇರಬಾರದು. ಕೈ ಅದ್ದಿ ನೋಡಿದರೆ ಗೊತ್ತಾಗುವುದಿಲ್ಲ, ಥರ್ಮಾಮೀಟರ್ ಬಳಸಿ.

ನೀರು ಆವಿಯಾಗಿ ಇಳಿದಿದ್ದನ್ನು ತುಂಬಿಸುವುದು ನೀರು ಬದಲಿಸಿದಂತೆ ಆಗುವುದಿಲ್ಲ. ಆವಿಯಾಗಿ ಹೋಗುವುದು ಬರೀ ನೀರು, ಲವಣ ಅಲ್ಲೇ ಉಳಿಯುತ್ತದೆ. ಮೇಲಿಂದ ಗಡಸು ನೀರು ಸುರಿಯುತ್ತಾ ಹೋದರೆ ಗಡಸುತನ ತಿಂಗಳು ತಿಂಗಳು ಏರುತ್ತದೆ.

ಫಿಲ್ಟರ್ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ, ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಎರಡು ಸಲ ಹಿಂಡಿದರೆ ಸಾಕು. ಕರೆಂಟ್ ಹೋಗಿ ಮುಚ್ಚಿದ ಫಿಲ್ಟರ್ ಹಲವು ಗಂಟೆ ನಿಂತಿದ್ದರೆ, ಮತ್ತೆ ಓಡಿಸುವ ಮುಂಚೆ ಅದರೊಳಗಿನ ನೀರನ್ನು ಚೆಲ್ಲಿ. ಉಸಿರು ಕಟ್ಟಿದ ಆ ನೀರು ತೊಟ್ಟಿಗೆ ಬೀಳಬಾರದು.

ಹೆಜ್ಜೆ 6: ಹೊಸ ಮೀನನ್ನು ಬಿಡುವಾಗ

ಹತ್ತಿರದಿಂದ ತಂದ ಮೀನಾದರೆ ಚೀಲವನ್ನು 15-20 ನಿಮಿಷ ತೊಟ್ಟಿಯಲ್ಲಿ ತೇಲಿಬಿಡಿ. ಆಮೇಲೆ ಒಂದು ಗಂಟೆ ಕಾಲ ಸ್ವಲ್ಪ ಸ್ವಲ್ಪ ತೊಟ್ಟಿಯ ನೀರು ಸೇರಿಸುತ್ತಾ ಬನ್ನಿ. ದೂರದಿಂದ, ದಿನಗಟ್ಟಲೆ ಚೀಲದಲ್ಲಿ ಬಂದ ಮೀನಿನ ವಿಷಯ ಬೇರೆ. ಆ ನೀರಿನಲ್ಲಿ ಅಮೋನಿಯಾ ತುಂಬಿರುತ್ತದೆ. ಮೀನಿನ ಉಸಿರಿನ ಕಾರ್ಬನ್ ಡೈಆಕ್ಸೈಡ್‌ನಿಂದ ಪಿಎಚ್ ಇಳಿದಿರುವುದರಿಂದ ಅಮೋನಿಯಾದ ವಿಷ ಅಡಗಿರುತ್ತದೆ. ಚೀಲ ಬಿಚ್ಚಿದ ಕೂಡಲೇ ಪಿಎಚ್ ಏರತೊಡಗುತ್ತದೆ, ವಿಷ ಎಚ್ಚೆತ್ತುಕೊಳ್ಳುತ್ತದೆ. ಅಲ್ಲಿ ಗಂಟೆಗಟ್ಟಲೆ ಇಡುವುದು ತಪ್ಪು. ಬಿಸಿ ಹೊಂದಿಸಿ, ಚೀಲ ಬಿಚ್ಚಿ, ಬಲೆಯಲ್ಲಿ ಎತ್ತಿ ತೊಟ್ಟಿಗೆ ಬಿಡಿ. ಚೀಲದ ನೀರನ್ನು ತೊಟ್ಟಿಗೆ ಸುರಿಯಬೇಡಿ.

ಎಡವಟ್ಟಾದಾಗ

ಅಮೋನಿಯಾ ಕಂಡರೆ ಎಲ್ಲರೂ ಮಾಡುವುದು ಒಂದೇ: ಬಕೆಟ್ ಬಕೆಟ್ ನೀರು ಬದಲಿಸುವುದು. ಬಹಳ ಸಲ ಅದು ಸರಿ. ಆದರೆ ಮೊದಲು ಪಿಎಚ್ ನೋಡಿ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತದೆ, ವಿಷದ ಅಮೋನಿಯಾ ಮತ್ತು ಅಷ್ಟೇನೂ ತೊಂದರೆ ಕೊಡದ ಅಮೋನಿಯಂ. 25 ಡಿಗ್ರಿ ಬಿಸಿಯಲ್ಲಿ, ಪಿಎಚ್ 7 ಇದ್ದಾಗ ವಿಷದ ಪಾಲು ಶೇ 1ಕ್ಕಿಂತ ಕಡಿಮೆ. 8ಕ್ಕೆ ಏರಿದರೆ ಶೇ 5ರಷ್ಟು. 9ರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ.

ಪಿಎಚ್ 7 ಅಥವಾ ಅದಕ್ಕಿಂತ ಮೇಲಿದ್ದು ಅಮೋನಿಯಾ ಲೀಟರಿಗೆ 0.5 ಮಿಲಿಗ್ರಾಂ ದಾಟಿದ್ದರೆ, ಕಂಡೀಷನರ್ ಹಾಕಿ, ಬಿಸಿ ಹೊಂದಿಸಿದ ನೀರಿನಿಂದ ಅರ್ಧ ತೊಟ್ಟಿಯನ್ನು ಆಗಲೇ ಬದಲಿಸಿ. ಎರಡು ದಿನ ತಿಂಡಿ ನಿಲ್ಲಿಸಿ. ಗಾಳಿ ಜಾಸ್ತಿ ಬಿಡಿ. ಅದರಲ್ಲೂ ಬೇಸಿಗೆಯಲ್ಲಿ, ಯಾಕೆಂದರೆ 25 ಡಿಗ್ರಿಯ ನೀರು ಲೀಟರಿಗೆ 8.3 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ 30 ಡಿಗ್ರಿಯ ನೀರು ಹಿಡಿಯುವುದು 7.6 ಮಾತ್ರ.

ಪಿಎಚ್ 6ರ ಹತ್ತಿರ ಇದ್ದು, ಕೆಎಚ್ ಸೊನ್ನೆಯಾಗಿದ್ದರೆ ಅದು ಬಹಳ ಕಾಲ ನೋಡದೆ ಬಿಟ್ಟ ತೊಟ್ಟಿ. 6.5ಕ್ಕಿಂತ ಕೆಳಗೆ ಬ್ಯಾಕ್ಟೀರಿಯಾ ನಿಧಾನವಾಗುತ್ತವೆ, 6ರ ಹತ್ತಿರ ಬಹುಮಟ್ಟಿಗೆ ಕೆಲಸ ನಿಲ್ಲಿಸುತ್ತವೆ. ಹಾಗಾಗಿ ಅಮೋನಿಯಾ ಕೂಡಿಕೊಂಡಿರುತ್ತದೆ, ಆದರೆ ಹುಳಿ ನೀರಿನಲ್ಲಿ ಅದೆಲ್ಲ ಅಮೋನಿಯಂ ಆಗಿ ಸುಮ್ಮನಿರುತ್ತದೆ. ಮೀನುಗಳು ಹೇಗೋ ಬದುಕಿರುತ್ತವೆ. ಇಲ್ಲಿ ಅರ್ಧ ತೊಟ್ಟಿ ಹೊಸ ನೀರು ಸುರಿದರೆ ಪಿಎಚ್ ಒಮ್ಮೆಲೇ 7.5ಕ್ಕೆ ಹಾರುತ್ತದೆ, ಉಳಿದ ಅಮೋನಿಯಂ ವಿಷವಾಗುತ್ತದೆ. ತೊಟ್ಟಿ ಸ್ವಚ್ಛ ಮಾಡಿದ ದಿನವೇ ಮೀನು ಸತ್ತವು ಎಂದು ಜನ ಗೋಳಾಡುವುದು ಬಹಳ ಸಲ ಇದರಿಂದಲೇ.

ಅಂಥ ತೊಟ್ಟಿಯಲ್ಲಿ ದಿನಕ್ಕೆ 10 ಶೇಕಡಾ ನೀರು ಮಾತ್ರ ಬದಲಿಸಿ. ಅಮೋನಿಯಾ ಕಟ್ಟಿಹಾಕುವ ಕಂಡೀಷನರನ್ನು ಇಡೀ ತೊಟ್ಟಿಯ ಲೆಕ್ಕಕ್ಕೆ ಹಾಕಿ. ತಿಂಡಿ ಎರಡು ದಿನಕ್ಕೊಮ್ಮೆ, ಅದೂ ಚಿಟಿಕೆಯಷ್ಟು. ಪ್ರತಿದಿನ ಅದೇ ಹೊತ್ತಿಗೆ ಪಿಎಚ್, ಕೆಎಚ್, ಅಮೋನಿಯಾ ಮೂರನ್ನೂ ಬರೆದಿಡಿ. 14 ದಿನದಲ್ಲಿ ಹಳೇ ನೀರಿನ ಮುಕ್ಕಾಲು ಭಾಗ ಹೋಗಿರುತ್ತದೆ. ಮಧ್ಯದಲ್ಲಿ ನೈಟ್ರೈಟ್ ಕಾಣಿಸಿಕೊಂಡರೆ ಬ್ಯಾಕ್ಟೀರಿಯಾ ಮತ್ತೆ ಕೆಲಸ ಶುರು ಮಾಡಿವೆ ಎಂದು ತಿಳಿಯಿರಿ, ಮೇಲೆ ಹೇಳಿದ ಅಳತೆಯ ಉಪ್ಪು ಹಾಕಿ. ಕೆಎಚ್ 4 ಮುಟ್ಟಿ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಮೂರು ದಿನ ಸೊನ್ನೆ ತೋರಿಸಿದ ಮೇಲೆ ವಾರಕ್ಕೊಮ್ಮೆಯ ಲೆಕ್ಕಕ್ಕೆ ಮರಳಬಹುದು.